ಎಂಜಿಬಿ ಎಂಜಿನ್ ಒಳಗೆ ಬರೀ ನೀರು, ಬರ್ತಿರೋದು ಮಿನಿಯಾಪೊಲಿಸ್‌ಗೆ. ಏನ್ ಮಾಡ್ಲಿ?

ಅಂಬಿಮಗ (ಮಿನಿಯಾಪೊಲಿಸ್):

ಎಲ್ಲರಿಗೂ ನಮಸ್ಕಾರ. ಕೊನೆಗೂ ತಗೊಂಡೆ. 1967ರ ಎಂಜಿಬಿ, ಬ್ರಿಟನ್ನಿನ ಹಳೇ ಸ್ಪೋರ್ಟ್ಸ್ ಕಾರು, ಕೆಂಪು, ಸ್ಪೋಕ್ಸ್ ಚಕ್ರ. ನಮ್ಮಪ್ಪ ಶಿವಮೊಗ್ಗದಲ್ಲಿ ಇಪ್ಪತ್ತು ವರ್ಷ ಅಂಬಾಸಿಡರ್ ಟ್ಯಾಕ್ಸಿ ಓಡಿಸಿದವರು. ಆ ಅಂಬಾಸಿಡರಿನ 1489 ಸಿಸಿ ಪೆಟ್ರೋಲ್ ಎಂಜಿನ್ನೂ ಇದರ 1798 ಸಿಸಿ ಎಂಜಿನ್ನೂ ಒಂದೇ ಮನೆತನ, ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್. ಬಾನೆಟ್ ಎತ್ತಿದ ಫೋಟೋ ಕಳಿಸಿದ್ರೆ ಅಪ್ಪ, "ಎರಡು ಕಾರ್ಬುರೇಟರ್ ಯಾಕೋ, ಪೆಟ್ರೋಲ್ ನಿನ್ನ ಮಾವನ ಮನೆಯಿಂದ ಬರುತ್ತಾ?" ಅಂದ್ರು.

ತಲೆನೋವು ಈಗ ಶುರು. ಕಾರ್ ಇರೋದು ಅರಿಜೋನಾದ ಟೂಸಾನ್‌ನಲ್ಲಿ. ಮುಂದಿನ ವಾರ ತೆರೆದ ಟ್ರೇಲರ್ ಮೇಲೆ ಹೊರಡುತ್ತೆ, 2500 ಕಿ.ಮೀ.ಗೂ ಹೆಚ್ಚು ದಾರಿ. ಮುಚ್ಚಿದ ಟ್ರೇಲರಿಗೆ ಕೇಳಿದ ರೇಟು ನನ್ನ ಕೈಗೆಟುಕಲಿಲ್ಲ. ಮಾರಿದ ಅಜ್ಜ ನಿನ್ನೆ ಫೋನಲ್ಲಿ ಮಾತಿನ ಮಧ್ಯೆ ಹೇಳಿದ್ರು: ರೇಡಿಯೇಟರಲ್ಲಿರೋದು ಬರೀ ಡಿಸ್ಟಿಲ್ಡ್ ವಾಟರ್, ಜೊತೆಗೆ ತುಕ್ಕು ಹಿಡಿಯದ ಹಾಗೆ ಒಂದು ಬಾಟಲಿ ಔಷಧಿ. ಅವರ ತಪ್ಪೇನಿಲ್ಲ ಬಿಡಿ, ಆ ಮರುಭೂಮಿಯ ಬಿಸಿಲಿಗೆ ಆಂಟಿಫ್ರೀಜ್‌ಗಿಂತ (ನೀರು ಹೆಪ್ಪುಗಟ್ಟದ ಹಾಗೆ ಬೆರೆಸೋ ದ್ರವ) ನೀರೇ ಚೆನ್ನಾಗಿ ತಂಪು ಮಾಡೋದು. ಆದ್ರೆ ಇಲ್ಲಿ ಇವತ್ತು ಬೆಳಿಗ್ಗೆ ಮೈನಸ್ 24 ಡಿಗ್ರಿ, ಒಳಗಿನ ನೀರು ಹೆಪ್ಪುಗಟ್ಟಿದ್ರೆ ಎಂಜಿನ್ ಒಡೆಯುತ್ತೆ.

ನೀರೆಲ್ಲ ಖಾಲಿ ಮಾಡಿಸಿ ಕಳಿಸೋಕೆ ಹೇಳ್ಲಾ, ಇಲ್ಲ ಆಂಟಿಫ್ರೀಜ್ ಹಾಕಿಸ್ಲಾ? ಇನ್ನೊಂದು ಭಯ, ಹೆದ್ದಾರೀಲಿ 100 ಕಿ.ಮೀ. ವೇಗದ ಗಾಳಿ ಬಡಿದ್ರೆ ಎಂಜಿನ್‌ಗೆ ಮೈನಸ್ 40ರ ಚಳಿ ಆಗಲ್ವಾ?

ಕ್ಯಾಲ್ಗರಿಕರಡಿ:

ಗುರು, ಕಾರ್ ಸೂಪರ್. ಗಾಳಿ ವಿಷಯ ಮರೆತುಬಿಡು. ಗಾಳಿಗೆ ಚಳಿ ಹೆಚ್ಚು ಅನ್ನಿಸೋದು ನಮ್ಮ ಚರ್ಮಕ್ಕೆ. ಹೊರಗೆ ಮೈನಸ್ 20 ಇದ್ರೆ ಕಬ್ಬಿಣವೂ ಮೈನಸ್ 20ಕ್ಕೇ ನಿಲ್ಲುತ್ತೆ, ಗಾಳಿಗೆ ಬೇಗ ಅಲ್ಲಿಗೆ ತಲುಪುತ್ತೆ ಅಷ್ಟೆ.

ಆದ್ರೆ "ಆಂಟಿಫ್ರೀಜ್ ಹಾಕಿದೀನಿ" ಅಂತ ಯಾರಾದ್ರೂ ಬಾಯಲ್ಲಿ ಹೇಳಿದ್ರೆ ನಂಬಬೇಡ. ನಾನು ನಂಬಿ ಕೆಟ್ಟೆ. 1972ರ ಡಾಟ್ಸನ್ 240ಝಡ್, ವ್ಯಾಂಕೂವರ್ ಕಡೆಯಿಂದ ಡಿಸೆಂಬರಲ್ಲಿ ತರಿಸಿದೆ. ಸಮುದ್ರದ ಪಕ್ಕದ ಊರು, ಅಲ್ಲಿ ಅಂಥಾ ಚಳಿ ಇರಲ್ಲ. ಅವನು ಹಾಕಿದ್ದು ನಾಲ್ಕರಲ್ಲಿ ಒಂದು ಪಾಲು. ಅದು ಕಾಯೋದು ಮೈನಸ್ 12ರವರೆಗೆ. ಹಿಮ ಕುಸಿಯುತ್ತೆ ಅಂತ ದಾರೀಲಿ ಬೆಟ್ಟ ದಾಟೋ ರೋಜರ್ಸ್ ಪಾಸ್ ರಸ್ತೆ ಮುಚ್ಚಿದ್ರು, ಟ್ರೇಲರ್ ಎರಡು ರಾತ್ರಿ ಬೆಟ್ಟದ ಮೇಲೇ ನಿಂತಿತ್ತು.

ಬಂದಾಗ ಎಲ್ಲಾ ಸರಿ ಇದ್ದ ಹಾಗೇ ಕಾಣ್ತು. ಗ್ಯಾರೇಜಲ್ಲಿ ಹೀಟರ್ ಹಾಕಿ ಮಲಗಿದೆ. ಎರಡನೇ ದಿನ ನೆಲದ ಮೇಲೆ ಹಸಿರು ಕಲೆ. ಟಾರ್ಚ್ ಹಿಡಿದು ಮಲಗಿ ನೋಡಿದ್ರೆ ಬ್ಲಾಕಿನ (ಎಂಜಿನ್ನಿನ ಎರಕದ ಕಬ್ಬಿಣದ ಒಡಲು) ಪಕ್ಕದಲ್ಲಿ ಬೆರಳುದ್ದ ಬಿರುಕು, ಕೂದಲೆಳೆ ಅಷ್ಟೇ ಅಗಲ, ಅದರಿಂದ ಒಂದೊಂದೇ ಹನಿ. ಮಂಜುಗಡ್ಡೆ ಇರೋವರೆಗೂ ಅದೇ ಬೆಣೆ ಥರ ಬಿರುಕು ಮುಚ್ಚಿಕೊಂಡಿತ್ತು, ಕರಗಿದ ಮೇಲೇ ಬಣ್ಣ ಬಯಲಾಗಿದ್ದು. ನೀರು ಹೆಪ್ಪುಗಟ್ಟಿದ್ರೆ ಶೇ. 9ರಷ್ಟು ಹಿಗ್ಗುತ್ತೆ, ಎರಕದ ಕಬ್ಬಿಣ ಬಗ್ಗಲ್ಲ, ಸೀಳುತ್ತೆ.

"ಫ್ರೀಜ್ ಪ್ಲಗ್ ಇದೆಯಲ್ಲ, ಅದು ಹಾರಿ ಬ್ಲಾಕ್ ಉಳಿಸುತ್ತೆ" ಅಂತ ಯಾರೋ ಬಂದು ಹೇಳ್ತಾರೆ ನೋಡ್ತಿರು. ಅವು ಎರಕ ಹೊಯ್ಯುವಾಗ ಒಳಗಿನ ಮರಳು ತೆಗೆಯೋಕೆ ಬಿಟ್ಟ ತೂತಿನ ಮುಚ್ಚಳ. ಹಾರಿದ್ರೆ ನಿನ್ನ ಪುಣ್ಯ. ನನ್ನವು ಒಂದೂ ಅಲ್ಲಾಡಿರಲಿಲ್ಲ.

ಅರಕಲಗೂಡು ಹವಾಲ್ದಾರ್:

ತಮ್ಮಾ, ನಾನು ಸೈನ್ಯದಲ್ಲಿ ಇಎಂಇ (ವಾಹನ, ಯಂತ್ರ ರಿಪೇರಿ ವಿಭಾಗ) ಮೆಕ್ಯಾನಿಕ್ ಆಗಿದ್ದವನು, ಲೇಹ್‌ನಲ್ಲಿ ಎರಡು ಚಳಿಗಾಲ ಕಳೆದಿದ್ದೀನಿ. ಸಂಜೆ ಆದ್ರೆ ಶಕ್ತಿಮಾನ್ ಟ್ರಕ್ಕಿನ ನೀರು ಬಿಡೋದು, ಬೆಳಿಗ್ಗೆ ಬಿಸಿನೀರು ಕಾಯಿಸಿ ಹುಯ್ಯೋದು. ಹಾಗಾಗಿ ಖಾಲಿ ಮಾಡಿಸು ಅಂತ ನಾನು ಹೇಳ್ತೀನಿ ಅಂದುಕೊಳ್ಳಬಹುದು. ಹೇಳಲ್ಲ.

ಕೊಳಾಯಿ ಬಿಟ್ಟರೆ ಗಾಡಿ ಒಳಗೆ ಬೆಚ್ಚಗೆ ಮಾಡೋ ಹೀಟರ್ ಖಾಲಿ ಆಗಲ್ಲ, ಅದರ ಹೊಟ್ಟೇಲಿ ನೀರು ನಿಂತೇ ಇರುತ್ತೆ. ಹೀಟರ್ ಇರೋ ಗಾಡಿಗೆ ಆಂಟಿಫ್ರೀಜ್ ಹಾಕೋ ಬದಲು ಬರೀ ನೀರು ಖಾಲಿ ಮಾಡಿ ಇಡೋದು ಕೂಡದು ಅಂತ ಬಿಎಂಸಿ ಮ್ಯಾನ್ಯುಯಲ್‌ನಲ್ಲೇ ಇದೆ. ಅಲ್ಲದೆ ಟ್ರೇಲರಿನ ಹುಡುಗ ಗಾಡಿ ಹತ್ತಿಸೋಕೆ ಇಳಿಸೋಕೆ ಸ್ಟಾರ್ಟ್ ಮಾಡೇ ಮಾಡ್ತಾನೆ. ನೀರಿಲ್ಲದ ಎಂಜಿನ್ ಅಂತ ಅವನಿಗೇನು ಗೊತ್ತು.

ನೀರು ಬಿಟ್ಟು ಆಂಟಿಫ್ರೀಜ್ ಹಾಕಿಸು. ನೀರನ್ನ ರೇಡಿಯೇಟರ್ ಕೆಳಗೆ ಮಾತ್ರ ಬಿಟ್ಟರೆ ಅರ್ಧ ಕೆಲಸ. ಬ್ಲಾಕಿನ ಕೊಳಾಯಿ ಬೇರೆ ಇದೆ, ಸ್ಪಾರ್ಕ್ ಹಂಚೋ ಡಿಸ್ಟ್ರಿಬ್ಯೂಟರ್ ಕಡೆ, ಹಿಂಭಾಗದಲ್ಲಿ. ನಮ್ಮ ಸ್ಟಾಫ್ ಕಾರ್ ಅಂಬಾಸಿಡರಿಗೂ ಅಲ್ಲೇ. ತಿರುಗಿಸಿದ್ರೆ ಏನೂ ಬರಲ್ಲ, ಖಾಲಿ ಆಯ್ತು ಅಂತ ಬಿಡ್ತಾರೆ. ಐವತ್ತು ವರ್ಷದ ತುಕ್ಕುಕೆಸರು ಬಾಯಿ ಕಟ್ಟಿರುತ್ತೆ ಕಣಪ್ಪ. ತಂತಿ ಹಾಕಿ ಚುಚ್ಚಬೇಕು.

ಅಂಬಿಮಗ:

ಸರ್, ತುಂಬಾ ಥ್ಯಾಂಕ್ಸ್. ಅಜ್ಜ ಅಂಗಡಿಯಿಂದ ಆಂಟಿಫ್ರೀಜ್, ನೀರು ಅರ್ಧಕ್ಕರ್ಧ ಬೆರೆಸಿಟ್ಟ ಕ್ಯಾನ್ ತರ್ತೀನಿ ಅಂತಿದ್ದಾರೆ. ಅದು ಮೈನಸ್ 37ರವರೆಗೆ ತಡೆಯುತ್ತೆ ಅಂತ ಬರೆದಿದೆ. ಸಾಕಲ್ವಾ?

ಅರಕಲಗೂಡು ಹವಾಲ್ದಾರ್:

ಬೇಡ ಬೇಡ. ಮೋಸ ಅಲ್ಲೇ ಇರೋದು. ನಿನ್ನ ಗಾಡಿಗೆ ಹೀಟರ್ ಸೇರಿ ಸುಮಾರು 5.7 ಲೀಟರ್ ಹಿಡಿಯುತ್ತೆ. ಬಿಟ್ಟಾಗ 4 ಲೀಟರ್ ಬಂತು ಅಂದುಕೋ, ಒಳಗೆ 1.7 ಲೀಟರ್ ಬರೀ ನೀರು ಉಳೀತು. ಅದರ ಮೇಲೆ ಬೆರೆಸಿದ್ದೇ 4 ಲೀಟರ್ ಹುಯ್ದರೆ ಒಟ್ಟಿಗೆ ಶೇ. 35 ಆಯ್ತು. ಅದು ಮೈನಸ್ 20ರ ಆಸುಪಾಸಿಗೇ ಗಂಜಿ ಕಟ್ಟುತ್ತೆ. ನಿನ್ನ ಊರಲ್ಲಿ ಇವತ್ತೇ ಮೈನಸ್ 24.

ನೀರು ಬೆರೆಸದ ಗಟ್ಟಿ ಆಂಟಿಫ್ರೀಜ್ ತರಲಿ, ಹಳೇ ಕಾಲದ ಹಸಿರು ಎಥಿಲೀನ್ ಗ್ಲೈಕಾಲ್. ಮೊದಲು ಅದು 3 ಲೀಟರ್, ಆಮೇಲೆ ತುಂಬೋವರೆಗೆ ಡಿಸ್ಟಿಲ್ಡ್ ವಾಟರ್. ಜಾಸ್ತಿ ಹಾಕಿದ್ರೆ ಇನ್ನೂ ಒಳ್ಳೇದು ಅಂತ ಪೂರಾ ಅದನ್ನೇ ತುಂಬಬೇಡಿ, ನೀರು ಬೆರೆಸದ ಗ್ಲೈಕಾಲ್ ಮೈನಸ್ 13ಕ್ಕೇ ಗಟ್ಟಿಯಾಗುತ್ತೆ.

ಹೀಟರ್ ಪೂರ್ತಿ ಬಿಸಿಗೆ ಇಟ್ಟು, ಮೇಲಿನ ಹೋಸ್ ಮುಟ್ಟೋಕಾಗದಷ್ಟು ಬಿಸಿ ಆಗೋವರೆಗೂ ಓಡಿಸಲಿ. ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲೆ ತೆರೆಯೋ ಕವಾಟ) ತೆರೆಯದೆ ಬ್ಲಾಕಿನ ನೀರೂ ರೇಡಿಯೇಟರ್ ನೀರೂ ಬೆರೆಯಲ್ಲ. ಎಂಜಿನ್ ಆರಿದ ಮೇಲೆ, ಎಷ್ಟು ಚಳಿ ತಡೆಯುತ್ತೆ ಅಂತ ತೋರಿಸೋ ಟೆಸ್ಟರ್‌ನಲ್ಲಿ ಹೀರಿ ನೋಡಿ, ಫೋಟೋ ಕಳಿಸೋಕೆ ಹೇಳು. ಚೆಲ್ಲಿದ, ಮಿಕ್ಕಿದ ಆಂಟಿಫ್ರೀಜ್ ಬೋಗುಣೀಲಿ ಬಿಡಬೇಡಿ, ಗ್ಲೈಕಾಲ್ ಸಿಹಿ ಇರುತ್ತೆ, ನಾಯಿ ನೆಕ್ಕಿದ್ರೆ ಸಾಯುತ್ತೆ.

ಕ್ಯಾಲ್ಗರಿಕರಡಿ:

ಬ್ಯಾಟರಿನೂ ನೋಡ್ಕೋ. 67ರಲ್ಲಿ ಸೀಟಿನ ಹಿಂದೆ 6 ವೋಲ್ಟಿನವು ಎರಡು ಇರುತ್ತೆ. ಪೂರಾ ಚಾರ್ಜ್ ಇದ್ರೆ ಯಾವ ಚಳಿಗೂ ಜಗ್ಗಲ್ಲ, ಇಳಿದುಹೋಗಿದ್ರೆ ಮೈನಸ್ 7ರಲ್ಲೇ ಒಳಗಿನ ಆಸಿಡ್ ಹೆಪ್ಪುಗಟ್ಟಿ ಡಬ್ಬ ಒಡೆಯುತ್ತೆ.

ಅಂಬಿಮಗ (ಹನ್ನೊಂದು ದಿನದ ನಂತರ):

ಬಂತು! ಹವಾಲ್ದಾರ್ ಸರ್ ಹೇಳಿದ ಹಾಗೇ ಆಯ್ತು. ಅಜ್ಜ ಬ್ಲಾಕಿನ ಕೊಳಾಯಿ ತಿರುಗಿಸಿದಾಗ ಒಂದು ತೊಟ್ಟೂ ಬರಲಿಲ್ಲವಂತೆ. ಬಟ್ಟೆ ಹ್ಯಾಂಗರ್ ತಂತಿ ನೆಟ್ಟಗೆ ಮಾಡಿ ಚುಚ್ಚಿದ್ರು, ವಿಡಿಯೋ ಕಾಲಲ್ಲಿ ನಾನೂ ನೋಡ್ತಿದ್ದೆ. ಮೊದಲು ಕಾಫಿ ಗಸಿ ಥರ ಒಂದು ಮುದ್ದೆ ಬಿತ್ತು, ಹಿಂದೆನೇ ಕೆಂಪು ನೀರು ಅವರ ತೋಳಿನ ಮೇಲೆಲ್ಲ. ಟೆಸ್ಟರ್ ಮೈನಸ್ 38 ತೋರಿಸ್ತು.

ಟ್ರೇಲರ್ ಐಯೋವಾದಲ್ಲಿ ಒಂದೂವರೆ ದಿನ ಹಿಮದಲ್ಲಿ ನಿಂತಿತ್ತು. ಇಳಿಸುವಾಗ ಮೈನಸ್ 21. 20ಡಬ್ಲ್ಯೂ-50 ಆಯಿಲ್ ಆ ಚಳಿಗೆ ಬೆಲ್ಲದ ಪಾಕ ಆಗಿರುತ್ತೆ ಅಂತ ಸ್ಟಾರ್ಟ್ ಮಾಡೋಕೆ ಬಿಡಲಿಲ್ಲ. ಪಕ್ಕದ ಮನೆಯವರಿಬ್ಬರು, ಡ್ರೈವರ್, ನಾನು ಸೇರಿ ಗ್ಯಾರೇಜಿಗೆ ತಳ್ಳಿದ್ವಿ. ಎರಡು ದಿನ ಬೆಚ್ಚಗೆ ಬಿಟ್ಟು ಕೆಳಗೆ ರಟ್ಟು ಹಾಸಿ ಕಾದೆ. ಒಂದು ಹನಿ ಇಲ್ಲ. ಚೋಕ್ ಎಳೆದೆ, ಮೂರನೇ ಸಲಕ್ಕೆ ಹಿಡೀತು. ಅಪ್ಪನಿಗೆ ಫೋನಲ್ಲಿ ಸದ್ದು ಕೇಳಿಸಿದೆ. ಅವರು ಟ್ಯಾಪೆಟ್ ಸೆಟ್ ಮಾಡಿಸು ಅಂದ್ರು.

ಒಂದು ಮಾತ್ರ ನಾವ್ಯಾರೂ ಯೋಚನೆ ಮಾಡಿರಲಿಲ್ಲ. ಗಾಜು ತೊಳೆಯೋ ನೀರಿನ ಬಾಟಲಿ. ಅಜ್ಜ ಅದರಲ್ಲೂ ನೀರು ತುಂಬಿ ಇಟ್ಟಿದ್ರು, ತಳದಿಂದ ಕತ್ತಿನವರೆಗೆ ಸೀಳಿಹೋಗಿದೆ. 1967ರದ್ದು ಯಾರ ಹತ್ರನಾದ್ರೂ ಇದ್ರೆ ಮೆಸೇಜ್ ಮಾಡಿ, ಮುಚ್ಚಳ ನನ್ನ ಹತ್ರ ಇದೆ.