ಪಾಚಿ ನೀರಿಗೆ ಡಿಎಎಫ್: ಗಸಿ ಮೇಲೇಳ್ತಿಲ್ಲ, ಏನು ನೋಡಬೇಕು?

ಕೊಪ್ಪಳ_ಆಪರೇಟರ್: ತುಂಗಭದ್ರಾ ನೀರು ಹಸಿರಾದಾಗ ಆಲಂ (ಪಟಿಕ) ಹಾಕಿದರೂ ಪಾಚಿ ತಳಕ್ಕೆ ಕೂರಲ್ಲ. ಡಿಎಎಫ್ (ನೀರಿನಲ್ಲಿ ಗಾಳಿ ಕರಗಿಸಿ, ಸಣ್ಣ ಗುಳ್ಳೆಯಿಂದ ಕೊಳೆ ತೇಲಿಸೋ ವಿಧಾನ) ಟ್ರಯಲ್ ಹಾಕೀವಿ, ಗಸಿ ಅರ್ಧಕ್ಕೇ ನಿಲ್ತದ. ಯಾಕ್ರೀ?

ರಾಯಚೂರು_ಕೆಮಿಸ್ಟ್: ಪಾಚಿ ಹಗುರ, ಅದನ್ನ ಮುಳುಗಿಸೋದಕ್ಕಿಂತ ತೇಲಿಸೋದೇ ಸರಿ. ಶುದ್ಧವಾದ ನೀರಿನಲ್ಲಿ 8–12% ವಾಪಸ್ ತಗೊಂಡು, ಸ್ಯಾಚುರೇಟರ್‌ನಲ್ಲಿ 4–6 ಬಾರ್ ಒತ್ತಡದಲ್ಲಿ ಗಾಳಿ ಕರಗಿಸಬೇಕು. ನಾಝಲ್‌ನಲ್ಲಿ ಒತ್ತಡ ಬಿದ್ದಕೂಡಲೇ 30–100 ಮೈಕ್ರಾನ್ ಗುಳ್ಳೆ ಹುಟ್ಟಿ ಫ್ಲಾಕ್‌ಗೆ (ಆಲಂನಿಂದ ಒಟ್ಟುಗೂಡಿದ ಕೊಳೆಯ ಗಂಟಿಗೆ) ಅಂಟ್ತಾವ. ನಾಝಲ್ ಮುಂದೆ ನೀರು ಹಾಲಿನಂಗ ಬೆಳ್ಳಗೆ ಕಾಣಬೇಕು. ದೊಡ್ಡ ಗುಳ್ಳೆ ಬುಳಬುಳ ಬಂದರೆ ನಾಝಲ್ ಕಟ್ಟಿದೆ, ಇಲ್ಲಾ ಸವೆದಿದೆ. ಅವು ಫ್ಲಾಕ್ ಒಡೀತಾವ.

ಕೊಪ್ಪಳ_ಆಪರೇಟರ್: ಬೆಳ್ಳಗೇ ಅದಾವ ಸರ್. ಬೆಳಿಗ್ಗೆ ಚಲೋ, ಮಧ್ಯಾಹ್ನ ಕೆಡ್ತದ.

ಬಳ್ಳಾರಿ_ಇಂಜಿನಿಯರ್: ಹಂಗಾದ್ರೆ ಎರಡು ನೋಡ್ರಿ. ಒಂದು ಪಿಎಚ್: ಪಾಚಿ ಬಿಸಿಲಿಗೆ ಇಂಗಾಲದ ಡೈಆಕ್ಸೈಡ್ ಹೀರಿ ಮಧ್ಯಾಹ್ನ ಪಿಎಚ್ ಏರಿಸ್ತದ, ಆಗ ಬೆಳಗಿನ ಆಲಂ ಡೋಸ್ ಸಾಲಲ್ಲ. ಮಧ್ಯಾಹ್ನದ ನೀರಿಗೇ ಬೇರೆ ಜಾರ್ ಟೆಸ್ಟ್ (ಜಾರ್‌ಗಳಲ್ಲಿ ಬೇರೆ ಬೇರೆ ಡೋಸ್ ಹಾಕಿ ನೋಡೋದು) ಮಾಡ್ರಿ. ಇನ್ನೊಂದು ಬಿಸಿ: 20 ಡಿಗ್ರಿಗಿಂತ 35 ಡಿಗ್ರಿ ನೀರಿನಲ್ಲಿ ಗಾಳಿ ಸುಮಾರು ಐದನೇ ಒಂದು ಭಾಗ ಕಮ್ಮಿ ಕರಗ್ತದ. ರಿಸೈಕಲ್ (ವಾಪಸ್ ತಗೊಳ್ಳೋ ನೀರು) ಏರಿಸ್ರಿ.

ರಾಯಚೂರು_ಕೆಮಿಸ್ಟ್: ಫ್ಲಾಕ್ ದಪ್ಪ ಬೆಳೆಸಬೇಡ್ರಿ, ಸಣ್ಣದೇ ಚಲೋ ತೇಲ್ತದ. ಮಳೆಗಾಲದ ಕೆಂಪು ರಾಡಿ ನೀರಿಗೆ ಮಾತ್ರ ಇದು ಬೇಡ, ಮಣ್ಣು ಭಾರ. ಹಳೇ ಸೆಟ್ಲಿಂಗ್ ಟ್ಯಾಂಕೇ ಬಳಸ್ರಿ.