ಎಕ್ಸ್-ರೇ ನಾರ್ಮಲ್, ಆದರೂ ಅತ್ತೆಗೆ ಕಾಲೂರಲು ಆಗುತ್ತಿಲ್ಲ. ಎಂಆರ್‌ಐ ಬೇಕಾ?

ದಾವಣಗೆರೆ ಸೊಸೆ:
ನಮ್ಮ ಅತ್ತೆಗೆ 74 ವರ್ಷ. ಭಾನುವಾರ ಬಚ್ಚಲಲ್ಲಿ ಜಾರಿ ಎಡಮಗ್ಗುಲಿಗೆ ಬಿದ್ದರು. ಅವತ್ತೇ ಎಕ್ಸ್-ರೇ ಆಯಿತು. ‘ಮೂಳೆ ಮುರಿದಿಲ್ಲ’ ಅಂತ ನೋವಿನ ಮಾತ್ರೆ ಕೊಟ್ಟು ಕಳಿಸಿದರು. ಈಗಲೂ ಗೋಡೆ ಹಿಡಿದು ಎರಡು ಹೆಜ್ಜೆ ಇಟ್ಟರೆ ತೊಡೆಸಂದಿನಲ್ಲಿ ಚುಚ್ಚಿದ ಹಾಗೆ ನೋವು. ಇನ್ನೊಬ್ಬ ಡಾಕ್ಟರ್ ಎಂಆರ್‌ಐ ಬರೆದಿದ್ದಾರೆ. ಸಾವಿರಾರು ರೂಪಾಯಿ ಖರ್ಚು. ಬಲ ಮಂಡಿ ಬೇರೆ ಬದಲಾಯಿಸಿದೆ, ಒಳಗೆ ಲೋಹ ಇದೆ. ಏನು ಮಾಡಲಿ?

ಬೆಣ್ಣೆದೋಸೆ:
ಎಕ್ಸ್-ರೇ ಸರಿ ಇದ್ದಮೇಲೆ ಎಂಆರ್‌ಐ ಯಾಕೆ? ಸುಮ್ನೆ ದುಡ್ಡು ಕೀಳುತ್ತಾರೆ. ಎಣ್ಣೆ ಹಚ್ಚಿ ನೀವಿಸಿ.

ಡಾರ್ಕ್‌ರೂಮ್ ಹಳಬ:
ದಯವಿಟ್ಟು ನೀವಿಸಬೇಡಿ. ನಡೆಸಿ ನೋಡುವುದೂ ಬೇಡ.

ನಾನು ಎಕ್ಸ್-ರೇ ತೆಗೆಯುವವನು, ಡಾಕ್ಟರ್ ಅಲ್ಲ. ಸೊಂಟದ ಕೀಲಿನ ಹತ್ತಿರ ತೊಡೆಮೂಳೆ ಕಿರಿದಾಗುವ ಭಾಗಕ್ಕೆ ಕತ್ತು ಅಂತೀವಿ. ಅದು ಸ್ವಲ್ಪ ಮುಂದಕ್ಕೆ ವಾಲಿರುತ್ತದೆ. ಅದು ಉದ್ದಕ್ಕೆ ಕಾಣಬೇಕಾದರೆ ಪಾದವನ್ನು ಸುಮಾರು 15 ಡಿಗ್ರಿ ಒಳಕ್ಕೆ ತಿರುಗಿಸಿ ತೆಗೆಯಬೇಕು. ಬಿದ್ದವರಿಗೆ ನೋವು, ಕಾಲು ಹೊರಕ್ಕೇ ಬಿದ್ದಿರುತ್ತದೆ. ಮುರಿದಿರುವ ಅನುಮಾನ ಇದ್ದಾಗ ನಾವು ಬಲವಂತ ಮಾಡುವ ಹಾಗೂ ಇಲ್ಲ. ಆಗ ಕತ್ತು ಮೊಟಕಾಗಿ ಕಾಣುತ್ತದೆ, ಗೆರೆಯಂಥ ಬಿರುಕು ಅದರಲ್ಲೇ ಅಡಗಿಬಿಡುತ್ತದೆ. ಪಕ್ಕದಿಂದ ತೆಗೆದ ಫಿಲ್ಮ್ ಇದೆಯಾ? ಒಳ್ಳೇ ಕಾಲು ಮೇಲೆತ್ತಿಸಿ, ಅದರ ಕೆಳಗಿಂದ ಅಡ್ಡಕ್ಕೆ ತೆಗೆಯುತ್ತಾರೆ. ಗಡಿಬಿಡಿಯಲ್ಲಿ ಬಿಟ್ಟುಹೋಗುವುದು ಜಾಸ್ತಿ ಇದೇ.

ಎಲ್ಲ ಸರಿಯಾಗಿ ತೆಗೆದರೂ ಮೂಳೆ ಸವೆದವರಲ್ಲಿ ಕೆಲವು ಬಿರುಕು ಎಕ್ಸ್-ರೇಯಲ್ಲಿ ಬರುವುದೇ ಇಲ್ಲ. ಎಂಆರ್‌ಐ ಮೂಳೆಯೊಳಗಿನ ಮಜ್ಜೆಯನ್ನೇ ತೋರಿಸುತ್ತದೆ. ಬಿರುಕಿನ ಸುತ್ತ ನೀರು ತುಂಬಿದ್ದು ಬಿದ್ದ ದಿನವೇ ಬೆಳ್ಳಗೆ ಹೊಳೆಯುತ್ತದೆ. ಚಿಕಿತ್ಸೆ ಹೇಗಿರಬೇಕು ಅಂತ ಮಾರ್ಗಸೂಚಿ ಕೊಡುವ ಇಂಗ್ಲೆಂಡಿನ ನೈಸ್ ಸಂಸ್ಥೆ 2011ರಲ್ಲೇ ಹೇಳಿದೆ: ಎಕ್ಸ್-ರೇ ಸರಿ ಇದ್ದೂ ಅನುಮಾನ ಉಳಿದರೆ ಎಂಆರ್‌ಐ ಮಾಡಿ, 24 ಗಂಟೆಯೊಳಗೆ ಸಿಗದಿದ್ದರೆ ಸಿಟಿ ಸ್ಕ್ಯಾನ್ ನೋಡಿ ಅಂತ. ನಿಮ್ಮ ಡಾಕ್ಟರ್ ಕೇಳಿದ್ದು ಸರಿಯಾಗೇ ಇದೆ.

ದಾವಣಗೆರೆ ಸೊಸೆ:
ಫಿಲ್ಮ್ ನೋಡಿದೆ ಅಣ್ಣಾ, ಎದುರಿಂದ ತೆಗೆದದ್ದು ಒಂದೇ ಇದೆ. ತೊಡೆಮೂಳೆಯ ಒಳಬದಿಯಲ್ಲಿ ಒಂದು ಗುಬುಟು ಎದ್ದು ಕಾಣುತ್ತದೆ. ಅದೇ ಏಟಾ?

ಡಾರ್ಕ್‌ರೂಮ್ ಹಳಬ:
ಅಲ್ಲ ತಂಗಿ, ಅದು ಎಲ್ಲರಿಗೂ ಇರುವ ಗುಬುಟು. ಕಾಲು ಹೊರಕ್ಕೆ ತಿರುಗಿದ್ದರೆ ದೊಡ್ಡದಾಗಿ ಕಾಣುತ್ತದೆ. ನಾನು ಹೇಳಿದ್ದು ಇದನ್ನೇ.

ಮೂಳೆ ಪಿಜಿ, ಹುಬ್ಬಳ್ಳಿ:
ಎಂಆರ್‌ಐ ಮುಂದೂಡಬೇಡಿ. ತೊಡೆಮೂಳೆಯ ಕತ್ತು ಬಿರಿದರೂ ಜಾಗ ಬಿಟ್ಟು ಜರುಗದೆ ಇದ್ದರೆ ಸಾಮಾನ್ಯವಾಗಿ ಸ್ಕ್ರೂ ಹಾಕಿ ಮುಗಿಸುತ್ತೇವೆ. ಜರುಗಿದರೆ ತೊಡೆಮೂಳೆಯ ತುದಿಯ ಗುಂಡುಭಾಗಕ್ಕೆ ಹೋಗುವ ರಕ್ತನಾಳ ಹರಿಯಬಹುದು. ಆಗ ಈ ವಯಸ್ಸಿನಲ್ಲಿ ಗುಂಡನ್ನೇ ಬದಲಾಯಿಸುವುದು ಹೆಚ್ಚು. ಕೆಲವೊಮ್ಮೆ ಕತ್ತು ಗಟ್ಟಿಯಾಗೇ ಇದ್ದು, ಸೊಂಟದ ಮುಂದಿನ ಪ್ಯೂಬಿಕ್ ಮೂಳೆಯೋ ಹಿಂದೆ ಬೆನ್ನುಮೂಳೆಯ ಬುಡದಲ್ಲಿರುವ ಸೇಕ್ರಮೋ ಬಿರಿದಿರುತ್ತದೆ. ಸೇಕ್ರಮ್ ಎಕ್ಸ್-ರೇಯಲ್ಲಿ ಕರುಳಿನ ಗ್ಯಾಸ್ ಹಿಂದೆ ಮರೆಯಾಗುತ್ತದೆ. ಅದಕ್ಕೇ ಒಂದು ಬದಿಯ ಸೊಂಟ ಮಾತ್ರ ಅಲ್ಲ, ಇಡೀ ಪೆಲ್ವಿಸ್, ಅಂದರೆ ಈ ಮೂಳೆಗಳೆಲ್ಲ ಸೇರಿದ ಬಳೆ, ಸ್ಕ್ಯಾನ್‌ನಲ್ಲಿ ಬರಲಿ ಅಂತ ಕೇಳಿ.

ಬದಲಾಯಿಸಿದ ಮಂಡಿ ಸಾಮಾನ್ಯವಾಗಿ ತೊಂದರೆಯಲ್ಲ. ಚಿತ್ರ ಕೆಡುವುದು ಅದರ ಸುತ್ತ ಮಾತ್ರ, ಸೊಂಟ ದೂರ ಇದೆ. ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಿ.

ಡಾರ್ಕ್‌ರೂಮ್ ಹಳಬ:
ಮಂಡಿ ಆಪರೇಷನ್ ಕಾರ್ಡ್ ಜೊತೆಗಿರಲಿ. ಹಳೇ ಫಿಲ್ಮನ್ನೂ ಒಯ್ಯಿರಿ, ವಾಟ್ಸಾಪ್ ಫೋಟೊ ಸಾಲದು. ಬಳೆ, ಪಿನ್ನು ಮನೆಯಲ್ಲೇ ತೆಗೆಸಿ. ಕಾರಿನಲ್ಲಿ ಮಡಚಿ ಕೂರಿಸಬೇಡಿ, ಆಂಬುಲೆನ್ಸ್‌ನಲ್ಲಿ ಮಲಗಿಸಿಕೊಂಡು ಹೋಗಿ.