ಡ್ಯಾನ್ಸ್ ನಂಬ್ಕೊಂಡು ದಾವಣಗೆರೆಯಲ್ಲಿ ಬದುಕಬಹುದಾ? ಅನುಭವ ಇರೋರು ಹೇಳ್ರಿ

ಎಲ್ರಿಗೂ ನಮಸ್ತೆ. ನಾನು ದಾವಣಗೆರೆಯವಳು, ಬಿಕಾಂ ಫೈನಲ್ ಇಯರ್. ಎರಡನೇ ಕ್ಲಾಸಿಂದ ಭರತನಾಟ್ಯ ಕಲೀತಾ ಇದೀನಿ, ಜೂನಿಯರ್ ಸೀನಿಯರ್ ಪರೀಕ್ಷೆ ಎರಡೂ ಆಗಿದೆ. ಡಿಗ್ರಿ ಮುಗಿದ ಮೇಲೆ ಡ್ಯಾನ್ಸನ್ನೇ ಕೆಲಸ ಮಾಡ್ಕೋಬೇಕು ಅಂತ ಆಸೆ, ಅಪ್ಪ ಬ್ಯಾಂಕ್ ಎಕ್ಸಾಮ್ ಕಟ್ಟು ಅಂತಾರೆ, ಅಮ್ಮ ಏನೂ ಅನ್ನಲ್ಲ ಆದ್ರೆ ಗೆಜ್ಜೆ ಸದ್ದು ಕೇಳಿದ್ರೆ ಟಿವಿ ಸೌಂಡ್ ಜಾಸ್ತಿ ಮಾಡ್ತಾಳೆ. ಡ್ಯಾನ್ಸ್ ಮೇಡಂ ರಂಗಪ್ರವೇಶ, ಅಂದ್ರೆ ಮೊದಲ ಪೂರ್ತಿ ಸೋಲೋ ಪ್ರೋಗ್ರಾಂ, ಮಾಡ್ಬಿಡೋಣ ಅಂತಿದಾರೆ, ನಾಲ್ಕೈದು ಲಕ್ಷ ಬೇಕಂತೆ. ಇಲ್ಲೇ ಇದ್ದು ಇದ್ರಲ್ಲಿ ಹೊಟ್ಟೆ ತುಂಬುತ್ತಾ, ಬೆಂಗಳೂರಿಗೆ ಹೋಗಲೇಬೇಕಾ, ರಂಗಪ್ರವೇಶ ಆಗ್ದಿದ್ರೆ ಯಾರೂ ಲೆಕ್ಕಕ್ಕೇ ಇಟ್ಕೊಳ್ಳಲ್ವಾ? ನಿಜ ಏನಿದೆಯೋ ಅದನ್ನ ಹೇಳಿ, ಧೈರ್ಯ ತುಂಬೋದು ಬ್ಯಾಡ.

ನಿಜಲಿಂಗಪ್ಪ ಬಡಾವಣೆಯಿಂದ, ಕ್ಲಾಸ್ ನಡೆಸೋರು:
ತಂಗಿ, ನಾನು 14 ವರ್ಷದಿಂದ ಇದೇ ಊರಲ್ಲಿ ಕಲಿಸ್ತಾ ಇದೀನಿ. ಹೊಟ್ಟೆ ತುಂಬುತ್ತೆ, ಆದ್ರೆ ಕುಣಿದು ಅಲ್ಲ, ಕಲಿಸಿ. ಇದನ್ನ ನನಗೆ ಯಾರೂ ಮೊದ್ಲೇ ಹೇಳಿರ್ಲಿಲ್ಲ. ವರ್ಷಕ್ಕೆ ನಾನು ಸ್ಟೇಜ್ ಹತ್ತೋದು ನಾಲ್ಕೈದು ಸಲ, ಅದ್ರಲ್ಲಿ ಎರಡಕ್ಕೆ ಶಾಲು, ಹಾರ, ಒಂದು ಫಲಕ ಅಷ್ಟೇ, ಮೇಕಪ್‌ನವರ ದುಡ್ಡು ಕೈಯಿಂದ ಕೊಟ್ಟು ಬರ್ತೀನಿ. ಮನೆ ನಡೆಯೋದು ಮಕ್ಕಳ ಫೀಸಿಂದ. ಅದೂ ಹನ್ನೆರಡು ತಿಂಗಳು ಒಂದೇ ಥರ ಬರಲ್ಲ, ಮಾರ್ಚ್ ಬಂತು ಅಂದ್ರೆ ಪರೀಕ್ಷೆ ಅಂತ ಅರ್ಧ ಮಕ್ಕಳು ಮಾಯ, ಏಪ್ರಿಲ್‌ನಲ್ಲಿ ಸಮ್ಮರ್ ಕ್ಯಾಂಪ್ ಅಂತ ಜಾಗ ಸಾಲದಷ್ಟು ಬರ್ತಾವೆ, ಜೂನ್‌ನಲ್ಲಿ ಟ್ಯೂಷನ್ ಟೈಮ್ ಕ್ಲಾಶ್ ಆಗುತ್ತೆ ಅಂತ ಮತ್ತೆ ಖಾಲಿ, ಬಾಡಿಗೆ ಮಾತ್ರ ಯಾವ ತಿಂಗಳೂ ರಜಾ ತಗೊಳ್ಳಲ್ಲ.

ಶುರು ಮಾಡಿದಾಗ ಆರೇ ಮಕ್ಕಳು, ಮನೆ ಮಹಡಿ ಮೇಲೆ ಶೀಟ್ ಹಾಕಿದ ಜಾಗ. ನನಗೆ ಬರುತ್ತೆ ಅಂದ್ಮೇಲೆ ಹೇಳಿಕೊಡೋದೇನು ಮಹಾ ಅಂದ್ಕೊಂಡಿದ್ದೆ. ಮೊದಲನೇ ದಿನ ಒಂದು ಪುಟ್ಟ ಹುಡುಗಿಗೆ ಮಂಡಿ ಹೊರಗೆ ಬಗ್ಗಿಸಿ ನಿಲ್ಲೋ ಅರೆಮಂಡಿ ತೋರಿಸಿ 'ಅರ್ಧ ಕೂತ್ಕೋ ಪುಟ್ಟಿ' ಅಂದೆ, ಅದು ಸೀದಾ ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ಕೂತು, ಸರಿಯಾಯ್ತಾ ಅಂತ ನನ್ ಮುಖ ನೋಡ್ತು. ಕಾಲಿಗೆ ಗೊತ್ತಿತ್ತು, ಬಾಯಿಗೆ ಗೊತ್ತಿರ್ಲಿಲ್ಲ ನೋಡು. ಈಗ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ ಹಿಮ್ಮಡಿ ಜೋಡಿಸಿ ಬೆನ್ನು ಗೋಡೆ ಬಿಡದಂಗೆ ಕೆಳಗೆ ಜಾರು ಅಂತೀನಿ, ಮಂಡಿ ಬೆರಳಿನ ದಿಕ್ಕಿಗೇ ಹೋಗ್ಬೇಕು. ಈ ಒಂದು ಮಾತು ಸಿಗೋಕೆ ಎರಡು ವರ್ಷ ಹಿಡೀತು.

ಆಮೇಲೆ ನಟ್ಟುವಾಂಗ, ಅಂದ್ರೆ ಕುಣಿಯೋರಿಗೆ ತಾಳ ಹಾಕಿ ನಡೆಸೋದು. 12 ವರ್ಷ ಬೇರೆಯವರ ತಾಳಕ್ಕೆ ಕುಣಿದೋಳು ನಾನು, ಮೊದಲ ಸಲ ಮೃದಂಗದವರ ಪಕ್ಕ ಕೂತು ಬಾಯಲ್ಲಿ ಜತಿ (ತಕಧಿಮಿ ಥರದ ಸೊಲ್ಲು) ಹೇಳ್ತಾ ಕೈಯಲ್ಲಿ ತಾಳ ಹಾಕ್ಬೇಕಾದಾಗ ನಾಲ್ಕರ ಎಣಿಕೆ ಚತುರಶ್ರದಿಂದ ಮೂರರ ಎಣಿಕೆ ತಿಶ್ರಕ್ಕೆ ಹೊರಳೋ ಕಡೆ ಕೈ ಒಂದ್ಕಡೆ ಬಾಯಿ ಒಂದ್ಕಡೆ. ಸ್ಟೇಜ್ ಮೇಲಿದ್ದ ನನ್ನ ಶಿಷ್ಯೆ ಪಾಪ ನನ್ನೇ ನೋಡ್ತಾ ನಿಂತ್ಲು, ಮೃದಂಗದವರು ದೊಡ್ಡ ಮನಸ್ಸು ಮಾಡಿ ಎತ್ಕೊಂಡ್ರು. ನಮ್ಮ ಕಡೆ ಪ್ರೋಗ್ರಾಂ ಅಂದ್ರೆ ಇದಕ್ಕೆ ಹೊರಗಿಂದ ಕರೆಸೋದೇ ಜಾಸ್ತಿ. ಹಂಗಾಗಿ ಡಿಗ್ರಿ ಮುಗಿಯೋದ್ರೊಳಗೆ ನಿಮ್ಮ ಮೇಡಂ ಪಕ್ಕ ಕೂತು ಅದನ್ನ ಕಲಿ, ಚಿಕ್ಕ ಮಕ್ಕಳ ಬ್ಯಾಚ್ ಒಂದು ಕೇಳಿ ತಗೋ, ಫೀಸ್ ಕೊಡದಿದ್ರೂ ಪರವಾಗಿಲ್ಲ. ಸೀನಿಯರ್ ಆದ್ಮೇಲಿನ ವಿದ್ವತ್ ಬಿಡಬ್ಯಾಡ, ಪರೀಕ್ಷೆ ಈಗ ಮೈಸೂರಿನ ಗಂಗೂಬಾಯಿ ಹಾನಗಲ್ ವಿವಿಯವರು ನಡೆಸ್ತಾರೆ. ಇಲ್ಲಿನ ಪೇರೆಂಟ್ಸ್ ಬಂದ ತಕ್ಷಣ ಕೇಳೋದೇ 'ಎಕ್ಸಾಮ್ ಕಟ್ಟಿಸ್ತೀರಾ ಮೇಡಂ' ಅಂತ, ಶುರುವಿನ ಅಲರಿಪು ಯಾವುದು ಕೊನೆಯ ತಿಲ್ಲಾನ ಯಾವುದು ಅಂತ ಯಾರೂ ಕೇಳಲ್ಲ.

ಪಿ.ಜೆ. ಬಡಾವಣೆ, ಒಬ್ಬ ತಂದೆ:
ರಂಗಪ್ರವೇಶದ ಬಗ್ಗೆ ಮಾತ್ರ ಹೇಳ್ತೀನಿ ಯಾಕಂದ್ರೆ ಮಗಳದ್ದು ಮಾಡಿಸಿ ಇನ್ನೂ ಸಾಲ ಕಟ್ತಾ ಇದೀನಿ. ಹಾಡೋರು, ನಟ್ಟುವಾಂಗ, ಮೃದಂಗ, ಕೊಳಲು, ಪಿಟೀಲು ಎಲ್ಲಾ ಬೆಂಗಳೂರಿಂದ, ಅವರ ಸಂಭಾವನೆ, ಲಾಡ್ಜು, ಎರಡು ರಿಹರ್ಸಲ್. ಡ್ರೆಸ್ ನಾಲ್ಕು, ಒಡವೆ ಇಂಥ ಅಂಗಡಿಯಲ್ಲೇ ತಗೋಬೇಕು ಅಂತ ಮಗಳ ಗುರುಗಳೇ ಹೇಳಿದ್ರು, ಯಾಕೆ ಅಂತ ಆಮೇಲೆ ಗೊತ್ತಾಯ್ತು ಬಿಡಿ. 400 ಜನಕ್ಕೆ ಊಟ, ಇದು ಮದುವೆನೋ ನಾಟ್ಯನೋ ಅಂತ ನಮ್ಮ ತಾಯಿ ಕೇಳಿದ್ರು. ಎಲ್ಲಾ ಸೇರಿ ಆರು ಲಕ್ಷ ದಾಟ್ತು. ಮಗಳು ಎರಡೂವರೆ ಗಂಟೆ ಮಾಡಿದ್ಲು, ಮಧ್ಯದ ಉದ್ದನೆ ಐಟಂ ವರ್ಣ ಮುಗಿಸಿ ಒಳಗೆ ಬಂದಾಗ ಪಾದ ಬೆಂಕಿ ಆಗಿತ್ತು, ನಾನೇ ತಣ್ಣೀರು ಹಾಕ್ದೆ, ಆ ಹೊತ್ತು ಮರೆಯಲ್ಲ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಅದಾದ್ಮೇಲೆ ಅದನ್ನ ನೋಡಿ ಯಾರೂ ಕೆಲಸ ಕೊಡಲಿಲ್ಲ. ಸಾಲ ಮಾಡಿ ಮಾಡಬ್ಯಾಡಮ್ಮ. ನಿಮ್ಮಪ್ಪನ ಹತ್ರ ಅಷ್ಟು ದುಡ್ಡು ಸುಮ್ನೆ ಇದ್ರೆ ಬೇರೆ ಮಾತು.

ಡ್ಯಾನ್ಸ್ ಎಂಎ ಮಾಡಿದೋಳು, ಊರು ಹರಿಹರ:
ಮೇಲಿನ ಅಣ್ಣ ಹೇಳಿದ್ದಕ್ಕೆ ಸೇರಿಸ್ತೀನಿ. ಅಲರಿಪು, ಜತಿಸ್ವರ, ಶಬ್ದ, ವರ್ಣ, ಪದ, ತಿಲ್ಲಾನ ಅನ್ನೋ ಈ ವರಸೆಯನ್ನ 19ನೇ ಶತಮಾನದಲ್ಲಿ ಕೂರಿಸಿದ್ದು ತಂಜಾವೂರು ಸಹೋದರರು, ಅವರಲ್ಲಿ ಚಿನ್ನಯ್ಯ ನಮ್ಮ ಮೈಸೂರು ಆಸ್ಥಾನಕ್ಕೇ ಬಂದಿದ್ರು. ಮಾರ್ಗ ಅಂತಾರಲ್ಲ, ಆ ವರಸೆ ಪೂರ್ತಿ ಮೈಗೆ ಬರೋದು ಮುಖ್ಯ, ಫ್ಲೆಕ್ಸ್ ಅಲ್ಲ. ನಾನು ರಂಗಪ್ರವೇಶ ದೇವಸ್ಥಾನದಲ್ಲಿ ರೆಕಾರ್ಡ್ ಹಾಕ್ಕೊಂಡು ಮಾಡಿದೆ, ಪ್ರಸಾದ ಕೊಟ್ಟು ಕಳಿಸಿದ್ವಿ.

ಬೆಂಗಳೂರಿಗೆ ಹೋಗೋದು ಕಲಿಯೋಕಾದ್ರೆ ಹೋಗು, ಚಾನ್ಸ್ ಹುಡುಕೋಕೆ ಅಂತ ಬರೀ ಪಿಜಿ ಬಾಡಿಗೆ ಕಟ್ಕೊಂಡು ಕೂರಬ್ಯಾಡ. ಕಂಟೆಂಪರರಿ ಕಡೆ ಮನಸ್ಸಿದ್ರೆ ಬೆಂಗಳೂರಿನ ಅಟ್ಟಕ್ಕಳರಿ ಅನ್ನೋ ಸಂಸ್ಥೆಯಲ್ಲಿ ಡಿಪ್ಲೊಮಾ ಇದೆ, ಒಡಿಸ್ಸಿ ಆದ್ರೆ ಹೆಸರಘಟ್ಟದ ನೃತ್ಯಗ್ರಾಮ. ಭರತನಾಟ್ಯಕ್ಕೆ ಚೆನ್ನೈ ಕಲಾಕ್ಷೇತ್ರ, 1936ರಲ್ಲಿ ರುಕ್ಮಿಣೀದೇವಿ ಅರುಂಡೇಲ್ ಶುರು ಮಾಡಿದ್ದು, ಅಲ್ಲಿ ಡಿಪ್ಲೊಮಾನೇ ನಾಲ್ಕು ವರ್ಷ, ಹೋಗೋದಾದ್ರೆ ತಡ ಮಾಡಬ್ಯಾಡ. ಕೇಂದ್ರ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ಸ್ಕಾಲರ್‌ಶಿಪ್ ಇದೆ, 18ರಿಂದ 25 ವಯಸ್ಸಿನವರಿಗೆ, ತಿಂಗಳಿಗೆ 5000 ಎರಡು ವರ್ಷ. ಅರ್ಜಿ ಸಿಸಿಆರ್‌ಟಿ ಅನ್ನೋ ಆ ಸಚಿವಾಲಯದ ಸಂಸ್ಥೆ ಕಡೆಯಿಂದ ಕರೀತಾರೆ, ಆ ವೆಬ್‌ಸೈಟ್ ಆಗಾಗ ನೋಡ್ತಿರು. ನಿನ್ನ ವಯಸ್ಸು ಸರಿಯಾಗಿದೆ, ನನಗೆ ಗೊತ್ತಾಗೋ ಹೊತ್ತಿಗೆ 26 ಆಗಿಹೋಗಿತ್ತು.

ಚಿತ್ರದುರ್ಗ, ವೆಸ್ಟರ್ನ್ ಮಾಡೋ ಹುಡುಗ:
ನಂದು ಹಿಪ್‌ಹಾಪ್, ಕ್ಲಾಸಿಕಲ್ ಗೊತ್ತಿಲ್ಲ. ನಮಗೆ ಸೀಸನ್ ಅಂದ್ರೆ ನವೆಂಬರ್‌ನಿಂದ ಫೆಬ್ರವರಿ, ಸ್ಕೂಲ್ ಡೇ. ಒಂದು ಸ್ಕೂಲಲ್ಲಿ 42 ಮಕ್ಕಳನ್ನ ಹತ್ತು ದಿನದಲ್ಲಿ ರೆಡಿ ಮಾಡ್ಬೇಕು, ಒಬ್ಬನ ಶೂ ಲೇಸ್ ಕಟ್ಟೋದ್ರೊಳಗೆ ಇನ್ನೊಬ್ಬ ನೀರು ಕುಡಿಯೋಕೆ ಓಡಿರ್ತಾನೆ, ಪ್ರಿನ್ಸಿಪಾಲ್ ಬಂದು ಹಾಡು ಚೇಂಜ್ ಮಾಡಿ ಅಂತಾರೆ. ಆದ್ರೂ ದುಡ್ಡು ಬರೋದು ಅಲ್ಲೇ. ಅದು ಬಿಟ್ರೆ ಮದುವೆ ಸಂಗೀತ್, ಅಲ್ಲಿ ಅಡ್ವಾನ್ಸ್ ಅರ್ಧ ಇಸ್ಕೊಳ್ದೆ ಹೋಗ್ಬೇಡಿ. ಒಬ್ಬ ಆರ್ಗನೈಸರ್ ನಮ್ಮ ಎಂಟು ಜನಕ್ಕೆ ಇನ್ನೂ 16,000 ಕೊಡ್ಬೇಕು, ಫೋನ್ ಎತ್ತಲ್ಲ. ರಿಯಾಲಿಟಿ ಶೋ ಆಡಿಷನ್‌ಗೆ ಮೂರು ಸಲ ಹೋಗಿದೀನಿ, ಬೆಳಗ್ಗೆ ಐದಕ್ಕೆ ಲೈನ್, ಒಂದೂವರೆ ನಿಮಿಷಕ್ಕೆ ಥ್ಯಾಂಕ್ಯೂ. ಬೇಜಾರಿಲ್ಲ. ಮನೇಲಿ ಅಪ್ಪಂಗೆ ಮೊಬೈಲ್ ಅಂಗಡಿ ಇದೆ, ಮಧ್ಯಾಹ್ನ ಅಲ್ಲಿ ಕೂರ್ತೀನಿ, ಅದು ಇಲ್ದಿದ್ರೆ ಇಷ್ಟು ದಿನ ತಡೀತಿರ್ಲಿಲ್ಲ.

ಹೊಸದುರ್ಗ ತಾಲೂಕು:
ನಾಟಕದ ಕಡೆನೂ ನೋಡಿ. ನಮ್ಮ ಸಾಣೇಹಳ್ಳಿಯಲ್ಲಿ ರಂಗಶಿಕ್ಷಣ ಕೊಡೋ ಶಾಲೆ ಇದೆ, ಶಿವಸಂಚಾರ ಅಂತ ತಿರುಗಾಟದ ನಾಟಕ ತಂಡ (ರೆಪರ್ಟರಿ) ಇದೆ, 1997ರಿಂದ ವರ್ಷ ವರ್ಷ ನಾಟಕ ಕಟ್ಕೊಂಡು ರಾಜ್ಯ ಸುತ್ತುತ್ತೆ. ನಾನು ಯಾವ ತಂಡ ಅಂತ ಹೇಳಲ್ಲ, ಒಂದು ವರ್ಷ ತಿರುಗಾಟದಲ್ಲಿದ್ದೆ, ಬೆಳಗ್ಗೆ ಲಾರಿಯಿಂದ ಸೆಟ್ ಇಳಿಸಿ ಸಂಜೆ ಬಣ್ಣ ಹಚ್ಚೋದು. ನಾಟ್ಯ ಕಲ್ತ ಹುಡುಗೀರಿಗೆ ನಿಲ್ಲೋದು, ಕಣ್ಣು ತಿರುಗಿಸೋದು ಮೊದ್ಲೇ ಬರುತ್ತೆ, ಆದ್ರೆ ಸುಮ್ನೆ ನಡಿ ಅಂದ್ರೆ ಬರಲ್ಲ, ಅಲ್ಲೂ ತಾಳ ಹಿಡ್ಕೊಂಡೇ ನಡೀತಾರೆ. ಅದನ್ನ ಬಿಡಿಸೋಕೆ ನಮ್ಮ ಡೈರೆಕ್ಟರು ನನ್ನ ಕೈಗೆ ನೀರಿನ ಬಕೆಟ್ ಕೊಟ್ಟು ಒಂದು ವಾರ ಓಡಾಡಿಸಿದ್ರು.

ಫಿಸಿಯೊ, ದಾವಣಗೆರೆ:
ಒಂದೇ ಮಾತು. ಟೈಲ್ಸ್ ಕೆಳಗೆ ಕಾಂಕ್ರೀಟ್ ಇರೋ ನೆಲದ ಮೇಲೆ ದಿನಾ ಎರಡು ಗಂಟೆ ತಟ್ಟಡವು (ಪಾದ ನೆಲಕ್ಕೆ ಬಡಿಯೋ ಹೆಜ್ಜೆ) ಹಾಕಿದ್ರೆ ಮೊಣಕಾಲು, ಕಣಕಾಲು ಬಿಡಲ್ಲ. ಅರೆಮಂಡಿ ತೆರೆಯೋದು ಸೊಂಟದ ಕೀಲಿಂದ, ಮಂಡಿ ತಿರುಚಿ ಅಲ್ಲ. ನೋವಿದ್ರೂ ಪ್ರೋಗ್ರಾಂ ಇದೆ ಅಂತ ಸ್ಪ್ರೇ ಹೊಡ್ಕೊಂಡು ಹತ್ತೋರು ಆಮೇಲೆ ನನ್ಹತ್ರಾನೇ ಬರ್ತಾರೆ.

ಕೇಳಿದವರು:
ಎಲ್ರಿಗೂ ತುಂಬಾ ಥ್ಯಾಂಕ್ಸ್, ಅಪ್ಪಂಗೂ ಓದಿ ಹೇಳ್ದೆ. ಆರು ಲಕ್ಷದ ಕಡೆ ಬಂದಾಗ ಚಹಾ ಲೋಟ ಕೆಳಗಿಟ್ರು, ಏನೂ ಮಾತಾಡ್ಲಿಲ್ಲ. ರಂಗಪ್ರವೇಶ ಸದ್ಯಕ್ಕೆ ಬ್ಯಾಡ ಅಂತ ಮೇಡಂಗೆ ಹೇಳ್ಬೇಕು, ಅದೇ ಭಯ. ಸ್ಕಾಲರ್‌ಶಿಪ್‌ಗೆ ಹಾಕ್ತೀನಿ, ಬ್ಯಾಂಕ್ ಎಕ್ಸಾಮ್ ಫಾರ್ಮ್ ಕೂಡ ತುಂಬ್ತೀನಿ ಅಂತ ಒಪ್ಕೊಂಡೆ, ಭಾನುವಾರದ ಮಕ್ಕಳ ಬ್ಯಾಚ್ ಕೇಳ್ತೀನಿ. ನಟ್ಟುವಾಂಗಕ್ಕೆ ಹೊಡೆಯೋ ತಾಳದ ಜೋಡಿ ಹಳೇದು ಯಾರ ಹತ್ರಾನಾದ್ರೂ ಇದ್ಯಾ?

ನಿಜಲಿಂಗಪ್ಪ ಬಡಾವಣೆಯಿಂದ:
ನನ್ಹತ್ರ ಇದೆ, ಶನಿವಾರ ಐದಕ್ಕೆ ಮೊದ್ಲು ಬಾ, ಐದಾದ್ಮೇಲೆ ಕ್ಲಾಸ್. ಒಂದು ಹಿತ್ತಾಳೆ, ಒಂದು ಕಬ್ಬಿಣ, ಎರಡೂ ಒಂದೇ ಥರ ಇಲ್ಲ ಅಂತ ಗಾಬರಿ ಆಗಬ್ಯಾಡ, ಅದು ಇರೋದೇ ಹಂಗೆ. ದಾರ ಮಾತ್ರ ಸವೆದಿದೆ, ಹೊಸದು ಹಾಕ್ಕೋ.